ಗಿಡಗಳ ಅಕ್ವೇರಿಯಂ: ಮೊದಲು ಆಮ್ಲಜನಕ, ಆಮೇಲೆ ಇಂಗಾಲದ ಡೈಆಕ್ಸೈಡ್

ಗಿಡಗಳ ಬೆಳವಣಿಗೆಗೆಂದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ತಂದು ಜೋಡಿಸಿದ್ದಾಯಿತು, ಗಿಡಗಳು ಚಿಗುರಿದ್ದೂ ಆಯಿತು. ಮೂರನೆಯ ದಿನವೋ ಮೂರನೆಯ ವಾರವೋ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗುತ್ತವೆ. ಗಾಬರಿಯಿಂದ ಅನಿಲವನ್ನು ಅರ್ಧಕ್ಕೆ ಇಳಿಸಿದರೆ ಕೆಲವೇ ವಾರಗಳಲ್ಲಿ ಎಲೆಗಳ ಅಂಚಿಗೆ ಕಪ್ಪು ಪಾಚಿ. ಪಾಚಿ ಕಂಡು ಮತ್ತೆ ಏರಿಸಿದರೆ ಮೀನುಗಳು ಮತ್ತೆ ಮೇಲೆ. ಈ ಸುಳಿಯಲ್ಲಿ ಸಿಕ್ಕಿಕೊಂಡವರ ಸಾಮಾನಿನಲ್ಲಿ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಕೊರತೆ ಇರುವುದು ಕೆಲಸ ಮಾಡಿದ ಕ್ರಮದಲ್ಲಿ.

ಎಲ್ಲ ಎಡವಟ್ಟಿಗೂ ಮೂಲ ಒಂದು ನಂಬಿಕೆ: ಇಂಗಾಲದ ಡೈಆಕ್ಸೈಡ್ ಮತ್ತು ಆಮ್ಲಜನಕ ಒಂದೇ ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬುದು. ಹಾಗಿಲ್ಲ. ನೀರಿನಲ್ಲಿ ಎರಡೂ ಬೇರೆಬೇರೆಯಾಗಿ ಕರಗುತ್ತವೆ. ಒಂದು ಬಂದು ಇನ್ನೊಂದನ್ನು ಹೊರದಬ್ಬುವುದಿಲ್ಲ. ಎರಡೂ ಹೇರಳವಾಗಿರುವ ತೊಟ್ಟಿ ಸಾಧ್ಯ, ಎರಡೂ ಕಡಿಮೆಯಿರುವ ತೊಟ್ಟಿಯೂ ಸಾಧ್ಯ. ಹಾಗಾದರೆ ಆಮ್ಲಜನಕ ತುಂಬಿದ ನೀರಿನಲ್ಲೂ ಮೀನು ಏದುಸಿರು ಬಿಡುವುದೇಕೆ? ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ ಮೀನಿನ ಮೈಯೊಳಗಿನ ಇಂಗಾಲದ ಡೈಆಕ್ಸೈಡ್ ಕಿವಿರಿನಿಂದ ಹೊರಹೋಗುವುದು ಕಷ್ಟವಾಗುತ್ತದೆ. ರಕ್ತದ ಆಮ್ಲೀಯತೆ ಏರಿ, ಆಮ್ಲಜನಕವನ್ನು ಹಿಡಿದೊಯ್ಯುವ ರಕ್ತದ ಶಕ್ತಿಯೇ ಕುಗ್ಗುತ್ತದೆ. ಆಮ್ಲಜನಕ ಧಾರಾಳವಾಗಿದ್ದಷ್ಟೂ ಮೀನು ಈ ಹೊರೆಯನ್ನು ತಾಳಿಕೊಳ್ಳುತ್ತದೆ. ಅದಕ್ಕೇ ಶೀರ್ಷಿಕೆಯಲ್ಲಿರುವ ಕ್ರಮ.

ಇಲ್ಲಿಂದ ಮುಂದೆ ಬರಿದೇ ‘ಅನಿಲ’ ಎಂದರೆ ಇಂಗಾಲದ ಡೈಆಕ್ಸೈಡ್ ಎಂದೇ ತಿಳಿಯಿರಿ.

## ಬೇಕಾಗುವ ಸಾಮಾನು

ಸಿಲಿಂಡರ್, ಒತ್ತಡ ಇಳಿಸುವ, ಎರಡು ಮಾಪಕಗಳಿರುವ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ನೀಡಲ್ ವಾಲ್ವ್, ಹರಿಯುವ ಅನಿಲವನ್ನು ಗುಳ್ಳೆಗಳಾಗಿ ಎಣಿಸಲು ಬಬಲ್ ಕೌಂಟರ್, ಒಂದೇ ದಿಕ್ಕಿಗೆ ಹರಿಯಬಿಡುವ ಚೆಕ್ ವಾಲ್ವ್, ಅನಿಲ ಸೋರದ ಕೊಳವೆ, ಅನಿಲವನ್ನು ನೀರಿಗೆ ಸಣ್ಣ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರ್. ಇವು ಅನಿಲದ ಕಡೆಯವು. ಅಳತೆಗೆ ಡ್ರಾಪ್ ಚೆಕರ್ (ಅನಿಲದ ಮಟ್ಟವನ್ನು ಬಣ್ಣದಲ್ಲಿ ತೋರಿಸುವ, ತೊಟ್ಟಿಯೊಳಗೆ ಇಡುವ ಚಿಕ್ಕ ಗಾಜಿನ ಬುರುಡೆ), ಪಿಎಚ್ (ನೀರಿನ ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) ಮೀಟರ್, ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) ಪರೀಕ್ಷಾ ಕಿಟ್ ಮತ್ತು ಸಾಧ್ಯವಾದರೆ ಕರಗಿದ ಆಮ್ಲಜನಕದ ಕಿಟ್. ಇವುಗಳ ಜೊತೆಗೆ ಒಂದು ಏರ್ ಪಂಪ್ ಮತ್ತು ಅದರ ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ಏರ್ ಸ್ಟೋನ್. ‘ನನಗೆ ಗಿಡಗಳಿವೆ, ಏರ್ ಪಂಪ್ ಏಕೆ’ ಎನ್ನುವವರಿಗೇ ಅದು ಮೊದಲು ಬೇಕಾಗುವುದು.

ಮೂರು ವಸ್ತುಗಳಲ್ಲಿ ಉಳಿತಾಯ ಮಾಡಬೇಡಿ. ಮೊದಲನೆಯದು ರೆಗ್ಯುಲೇಟರ್. ಸಿಲಿಂಡರಿನೊಳಗೆ ಅನಿಲ ದ್ರವರೂಪದಲ್ಲಿರುತ್ತದೆ. ಕೋಣೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗಿನ ಒತ್ತಡ ಸುಮಾರು 64 ಬಾರ್. ದ್ರವ ಮುಗಿಯುವವರೆಗೂ ಮಾಪಕದ ಮುಳ್ಳು ಹೆಚ್ಚು ಕದಲುವುದಿಲ್ಲ. ಮುಗಿದ ಮೇಲೆ ಒತ್ತಡ ಸರಸರನೆ ಬೀಳುತ್ತದೆ, ಆಗ ಒತ್ತಡವನ್ನು ಒಂದೇ ಹಂತದಲ್ಲಿ ಇಳಿಸುವ ರೆಗ್ಯುಲೇಟರಿನಲ್ಲಿ ಹೊರಬರುವ ಒತ್ತಡ ಇಳಿಯುವ ಬದಲು ಏರಬಹುದು. ಉಳಿದ ಅನಿಲವೆಲ್ಲ ಒಮ್ಮೆಲೇ ತೊಟ್ಟಿಗೆ ಸುರಿದು ಮೀನುಗಳು ಸಾಯುವುದು ಹೀಗೆಯೇ. ಎರಡು ಹಂತದ ರೆಗ್ಯುಲೇಟರಿನಲ್ಲಿ ಈ ಭಯ ಬಹುಮಟ್ಟಿಗೆ ಇಲ್ಲ.

ಎರಡನೆಯದು ಚೆಕ್ ವಾಲ್ವ್. ಅದಿಲ್ಲದಿದ್ದರೆ ಅನಿಲ ನಿಂತ ಹೊತ್ತಿನಲ್ಲಿ ತೊಟ್ಟಿಯ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಸೊಲೆನಾಯ್ಡನ್ನು ಸೇರುತ್ತದೆ. ಮೂರನೆಯದು ಕೊಳವೆ. ಏರ್ ಪಂಪಿಗೆ ಬಳಸುವ ಮೆತ್ತನೆಯ ಸಿಲಿಕೋನ್ ಕೊಳವೆಯ ಗೋಡೆಯ ಮೂಲಕವೇ ಈ ಅನಿಲ ಸೋರಿಹೋಗುತ್ತದೆ. ಪಾಲಿಯುರೇಥೇನ್ ಕೊಳವೆ ಹಾಕಿ.

## ಹಂತ 1: ಬೆಳಕನ್ನು ತಗ್ಗಿಸಿ

ಗಿಡಕ್ಕೆ ಎಷ್ಟು ಅನಿಲ ಬೇಕು ಎಂಬುದನ್ನು ನಿರ್ಧರಿಸುವುದು ಬೆಳಕು. ಪ್ರಖರ ಬೆಳಕನ್ನು ಹತ್ತು ಗಂಟೆ ಉರಿಸಿಟ್ಟು ‘ಅನಿಲ ಸಾಲುತ್ತಿಲ್ಲ’ ಎಂದು ಗುಳ್ಳೆ ಏರಿಸುವವರು ಮೀನಿನ ಪ್ರಾಣದ ಮೇಲೆ ಗಿಡ ಬೆಳೆಸಲು ಹೊರಟವರು. ಹೊಂದಾಣಿಕೆ ಮುಗಿಯುವವರೆಗೆ ದೀಪ ದಿನಕ್ಕೆ 6 ಗಂಟೆ ಸಾಕು. ಪ್ರಖರತೆ ತಗ್ಗಿಸುವ ವ್ಯವಸ್ಥೆಯಿದ್ದರೆ ಅರ್ಧಕ್ಕೆ ಇಳಿಸಿ. ಇಲ್ಲದಿದ್ದರೆ ದೀಪವನ್ನು ಸ್ವಲ್ಪ ಎತ್ತರಕ್ಕೆ ಕಟ್ಟಿ. ಏರಿಸುವುದು ಯಾವಾಗ ಬೇಕಾದರೂ ಆಗುತ್ತದೆ.

## ಹಂತ 2: ನೀರಿನ ಮೇಲ್ಮೈಯನ್ನು ಸರಿಪಡಿಸಿ

ಸಿಲಿಂಡರಿನ ವಾಲ್ವನ್ನು ಇನ್ನೂ ಮುಟ್ಟಬೇಡಿ. ಬಹುತೇಕ ಸೋಲುಗಳು ಆಗುವುದು ಈ ಹಂತವನ್ನು ಹಾರಿದ್ದರಿಂದ.

ನೀರಿಗೆ ಆಮ್ಲಜನಕ ಬರುವುದು ಎರಡು ದಾರಿಯಲ್ಲಿ: ಬೆಳಕಿರುವಾಗ ಗಿಡಗಳಿಂದ, ಇಪ್ಪತ್ತನಾಲ್ಕು ಗಂಟೆಯೂ ಮೇಲ್ಮೈಯಿಂದ. ಅದೇ ಮೇಲ್ಮೈಯಿಂದ ನಾವು ತುಂಬಿದ ಅನಿಲ ಹೊರಹೋಗುತ್ತದೆ. ಗಾಳಿಗೆ ತೆರೆದಿಟ್ಟ ನೀರಿನಲ್ಲಿ ತಾನಾಗಿ ನಿಲ್ಲುವ ಇಂಗಾಲದ ಡೈಆಕ್ಸೈಡ್ ಲೀಟರಿಗೆ ಒಂದು ಮಿಲಿಗ್ರಾಂಗೂ ಕಡಿಮೆ. ನಾವು ಅದನ್ನು 20ರಿಂದ 30 ಮಿಲಿಗ್ರಾಂಗೆ ಏರಿಸಲು ಹೊರಟಿದ್ದೇವೆ. ಅದು ಹೊರಗೆ ಓಡಲು ತವಕಿಸುವುದು ಸಹಜ. ಓಡದಿರಲೆಂದು ಜನ ಫಿಲ್ಟರಿನ ಬಾಯಿಯನ್ನು ಕೆಳಕ್ಕೆ ತಿರುಗಿಸಿ ನೀರನ್ನು ಕನ್ನಡಿಯಂತೆ ನಿಶ್ಚಲವಾಗಿಡುತ್ತಾರೆ. ದಾರಿ ತಪ್ಪುವುದು ಇಲ್ಲೇ.

ತಳದಲ್ಲಿ ತೂತಿರುವ ಕೊಡಕ್ಕೆ ನಲ್ಲಿ ಬಿಟ್ಟಿದ್ದೀರಿ ಎಂದುಕೊಳ್ಳಿ. ತೂತು ಸಾಕಷ್ಟು ದೊಡ್ಡದಿದ್ದರೆ ನೀರು ಒಂದು ಮಟ್ಟಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಬರುವುದೂ ಹೋಗುವುದೂ ಸಮ. ತೂತು ತೀರ ಚಿಕ್ಕದಾದರೆ ನೀರು ನಿಲ್ಲದೆ ಏರುತ್ತಲೇ ಹೋಗಿ ಕೊನೆಗೆ ಕೊಡ ತುಂಬಿ ಚೆಲ್ಲುತ್ತದೆ. ನಿಶ್ಚಲ ಮೇಲ್ಮೈಯ ತೊಟ್ಟಿ ಎರಡನೆಯ ಕೊಡ. ಬೆಳಿಗ್ಗೆ ಎಲ್ಲ ಚೆನ್ನಾಗಿರುತ್ತದೆ, ಮಧ್ಯಾಹ್ನವೂ ಪರವಾಗಿಲ್ಲ, ಸಂಜೆಯ ಹೊತ್ತಿಗೆ ಮೀನು ಮೇಲೆ. ಮೇಲ್ಮೈ ಚೆನ್ನಾಗಿ ಅಲುಗಾಡುವ ತೊಟ್ಟಿಯಲ್ಲಿ ಅನಿಲ ಕೊಂಚ ಹೆಚ್ಚು ಖರ್ಚಾಗುತ್ತದೆ ನಿಜ, ಆದರೆ ಅದರ ಮಟ್ಟ ದಿನವಿಡೀ ಒಂದೇ ಕಡೆ ನಿಲ್ಲುತ್ತದೆ. ಆ ಹೆಚ್ಚಿನ ಖರ್ಚನ್ನು ನಾನು ನಷ್ಟವೆಂದು ಎಣಿಸುವುದಿಲ್ಲ.

ಮಾಡಬೇಕಾದ್ದು ಇಷ್ಟು. ಫಿಲ್ಟರಿನಿಂದ ನೀರು ಬರುವ ಕೊಳವೆಯನ್ನು ಮೇಲ್ಮೈಗೆ ಹತ್ತಿರ ತನ್ನಿ, ಬಾಯಿ ತುಸು ಮೇಲ್ಮುಖವಾಗಿರಲಿ. ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಣ್ಣ ಅಲೆ ಕಾಣಬೇಕು, ದೀಪದ ಬೆಳಕು ತಳದ ಮರಳಿನ ಮೇಲೆ ನಲಿಯಬೇಕು. ನೀರು ಸಿಡಿಯಬಾರದು, ಸದ್ದಾಗಬಾರದು. ಸದ್ದಾದರೆ ಮೇಲ್ಮೈ ಅಲುಗುತ್ತಿಲ್ಲ, ಒಡೆಯುತ್ತಿದೆ ಎಂದರ್ಥ, ಅಷ್ಟು ಬೇಡ.

ಬೆರಳಿನ ತುದಿಯಿಂದ ನೀರನ್ನು ಮುಟ್ಟಿ ನೋಡಿ. ಎಣ್ಣೆಯಂಥ ತೆಳು ಪೊರೆ ಸರಿದಂತೆ ಕಂಡರೆ ಅದೇ ದೊಡ್ಡ ಶತ್ರು. ಕೊಳೆತ ಎಲೆ, ಹೆಚ್ಚಾದ ಆಹಾರದಿಂದ ಹುಟ್ಟುವ ಆ ಪೊರೆ ಮೇಲ್ಮೈಯ ಮೇಲೆ ಹೊದಿಕೆಯಂತೆ ಕೂತು ಅನಿಲಗಳ ವಿನಿಮಯಕ್ಕೆ ಅಡ್ಡಿಯಾಗುತ್ತದೆ. ಒಮ್ಮೆಗೆ ಹೀರುವ ಕಾಗದ ಹಾಸಿ ಎತ್ತಿಬಿಡಬಹುದು. ಶಾಶ್ವತ ಪರಿಹಾರ ಬೇಕೆಂದರೆ ಮೇಲ್ಮೈಯ ನೀರನ್ನು ಎಳೆದುಕೊಳ್ಳುವ ಸ್ಕಿಮ್ಮರ್. ತೇಲುವ ಗಿಡಗಳು ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿದಿದ್ದರೆ ತೆಗೆಯಿರಿ. ಗಾಜಿನ ಮುಚ್ಚಳ ಬಿಗಿಯಾಗಿ ಕೂರುವಂತಿದ್ದರೆ ಒಂದು ಮೂಲೆಯಲ್ಲಿ ಸಂದು ಬಿಡಿ.

ಕೊನೆಗೆ, ನೀರಿನ ಮಟ್ಟವಿರುವಲ್ಲಿ ಗಾಜಿಗೆ ಒಂದು ಸಣ್ಣ ಪಟ್ಟಿ ಅಂಟಿಸಿ. ನೀರು ಆವಿಯಾಗಿ ಎರಡು ಬೆರಳು ಇಳಿದರೆ ಫಿಲ್ಟರಿನ ಬಾಯಿ ಹೊರಬಂದು ನೀರು ಧುಮುಕತೊಡಗುತ್ತದೆ, ಅನಿಲ ಕಡಿಮೆಯಾಗುತ್ತದೆ. ಅದು ತಿಳಿಯದೆ ನೀವು ಗುಳ್ಳೆ ಏರಿಸುತ್ತೀರಿ. ಭಾನುವಾರ ನೀರು ತುಂಬಿಸಿದಾಗ ಮೇಲ್ಮೈ ಮತ್ತೆ ಶಾಂತ, ಗುಳ್ಳೆ ಮಾತ್ರ ಏರಿದ್ದು ಏರಿದಂತೆಯೇ. ಸೋಮವಾರ ಮೀನು ಮೇಲೆ. ಪಟ್ಟಿಯಿಂದ ನೀರು ಇಳಿಯಲು ಬಿಡಬೇಡಿ.

## ಹಂತ 3: ರಾತ್ರಿಯ ಆಮ್ಲಜನಕವನ್ನು ಅಳೆಯಿರಿ

ಕತ್ತಲಲ್ಲಿ ಗಿಡಗಳು ಆಮ್ಲಜನಕ ಕೊಡುವುದಿಲ್ಲ, ತಾವೇ ಬಳಸುತ್ತವೆ. ಮೀನುಗಳೂ ಬಳಸುತ್ತವೆ. ಫಿಲ್ಟರಿನ ಬ್ಯಾಕ್ಟೀರಿಯಾ ಕೂಡ ಪಾಲು ಕೇಳುತ್ತವೆ: ಮೀನಿನ ಹೊಲಸಿನಿಂದ ಬರುವ ಅಮೋನಿಯಾದಲ್ಲಿರುವ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.5 ಗ್ರಾಂ ಆಮ್ಲಜನಕ ಬೇಕು. ಆದ್ದರಿಂದ ದಿನದ ಅತಿ ಕಡಿಮೆ ಆಮ್ಲಜನಕ ಇರುವುದು ಬೆಳಿಗ್ಗೆ ದೀಪ ಹೊತ್ತುವ ಮುಂಚೆ. ಅಳೆಯಬೇಕಾದ್ದೂ ಆ ಹೊತ್ತಿನಲ್ಲೇ. ಮಧ್ಯಾಹ್ನ ಎಲೆಗಳಿಂದ ಮುತ್ತಿನಂತೆ ಗುಳ್ಳೆ ಏಳುವಾಗ ಅಳೆದು ಸಂತೋಷಪಟ್ಟರೆ ಪ್ರಯೋಜನವಿಲ್ಲ.

ಗಾಳಿಯೊಂದಿಗೆ ಪೂರ್ತಿ ಹೊಂದಿಕೊಂಡ ಸಿಹಿನೀರಿನಲ್ಲಿ 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿಯಲ್ಲಿ 7.5. ನೀರು ಬಿಸಿಯಾದಷ್ಟೂ ಹಿಡಿದಿಟ್ಟುಕೊಳ್ಳುವುದು ಕಡಿಮೆ, ಮೀನಿನ ಬೇಡಿಕೆ ಮಾತ್ರ ಹೆಚ್ಚು. ಬೆಳಗಿನ ಅಳತೆ 6ಕ್ಕಿಂತ ಮೇಲಿದ್ದರೆ ಮುಂದಕ್ಕೆ ಹೋಗಿ. 5ಕ್ಕಿಂತ ಕೆಳಗಿದ್ದರೆ ಹಂತ 2ಕ್ಕೆ ಮರಳಿ, ಇಲ್ಲವೇ ದೀಪ ಆರಿದ ಮೇಲೆ ಏರ್ ಸ್ಟೋನ್ ನಡೆಯುವಂತೆ ಟೈಮರ್ ಹಾಕಿ. ಕಿಟ್ ಇಲ್ಲದವರು ಎರಡು ದಿನ ಬೆಳಗಿನ ಜಾವ ಮಂದ ಟಾರ್ಚ್ ಹಿಡಿದು ಮೀನಿನ ಕಿವಿರುಗಳ ಬಡಿತ ನೋಡಿ. ಹಗಲಿಗಿಂತ ವೇಗವಾಗಿದ್ದರೆ ಉತ್ತರ ಸಿಕ್ಕಿತು.

## ಹಂತ 4: ಮೂಲ ಅಳತೆ ಬರೆದಿಡಿ

ಒಂದು ಲೋಟ ತೊಟ್ಟಿಯ ನೀರನ್ನು ತೆರೆದ ಗಾಳಿಯಲ್ಲಿ 24 ಗಂಟೆ ಇಡಿ. ಅದರಲ್ಲಿ ಹೆಚ್ಚುವರಿಯಾಗಿ ಕರಗಿದ್ದ ಅನಿಲ ಹೊರಟುಹೋಗುತ್ತದೆ. ಆಮೇಲೆ ಅದರ ಪಿಎಚ್ ಅಳೆದು ಬರೆದುಕೊಳ್ಳಿ. ಜೊತೆಗೆ ತೊಟ್ಟಿಯ ನೀರಿನ ಕೆಎಚ್.

ತೊಟ್ಟಿಯ ನೀರಿನ ಪಿಎಚ್ ಮತ್ತು ಕೆಎಚ್‌ನಿಂದ ಅನಿಲದ ಪ್ರಮಾಣ ಲೆಕ್ಕ ಹಾಕುವ ಸೂತ್ರವಿದೆ. ಕೆಎಚ್ 4 ಡಿಗ್ರಿ ಇರುವ ನೀರಿನಲ್ಲಿ ಪಿಎಚ್ 6.8 ಆದಾಗ ಅನಿಲ ಲೀಟರಿಗೆ 19 ಮಿಲಿಗ್ರಾಂ, 6.6ರಲ್ಲಿ 30, 6.4ರಲ್ಲಿ 48. ಈ ಮೂರು ಅಂಕಿಗಳನ್ನು ಇನ್ನೊಮ್ಮೆ ಓದಿ. ಪಿಎಚ್ ಇಳಿದದ್ದು ಪ್ರತಿಸಲವೂ ಬರೀ 0.2, ಅನಿಲ ಏರಿದ್ದು ಮೊದಲು 11, ಆಮೇಲೆ 18. ಕೊನೆಯ ಮೆಟ್ಟಿಲುಗಳು ಜಾರುತ್ತವೆ. ಪಿಎಚ್ ಪೂರ್ತಿ ಒಂದು ಅಂಕ ಇಳಿಯಿತೆಂದರೆ ಅನಿಲ ಹತ್ತು ಪಟ್ಟಾಯಿತು ಎಂದೇ ಅರ್ಥ.

ಸೂತ್ರವನ್ನು ಕಣ್ಣುಮುಚ್ಚಿ ನಂಬಲಾಗದು. ಮರದ ತುಂಡು ನೀರಿಗೆ ಬಿಡುವ ಕಂದು ಬಣ್ಣದ ಆಮ್ಲಗಳು, ಗಿಡಗಳಿಗಾಗಿ ಹಾಸುವ ಆಮ್ಲೀಯ ಮಣ್ಣು ಇವು ತಾವೇ ಪಿಎಚ್ ಇಳಿಸುತ್ತವೆ. ಆಗ ಸೂತ್ರ ಇಲ್ಲದ ಅನಿಲವನ್ನೂ ಇದೆಯೆನ್ನುತ್ತದೆ. ಲೋಟದ ನೀರಿನ ಪಿಎಚ್‌ಗೂ ತೊಟ್ಟಿಯ ಪಿಎಚ್‌ಗೂ ಇರುವ ಅಂತರ ಇದಕ್ಕಿಂತ ನಂಬಿಕೆಗೆ ಅರ್ಹ, ಏಕೆಂದರೆ ಆ ಆಮ್ಲಗಳು ಎರಡರಲ್ಲೂ ಇವೆ.

ಡ್ರಾಪ್ ಚೆಕರಿಗೆ ತೊಟ್ಟಿಯ ನೀರು ತುಂಬಿಸುವುದು ಸರ್ವೇಸಾಮಾನ್ಯ ತಪ್ಪು. ಅದರೊಳಗೆ ಇರಬೇಕಾದ್ದು ಕೆಎಚ್ 4 ಡಿಗ್ರಿಗೆ ಸಿದ್ಧಪಡಿಸಿದ ಪ್ರತ್ಯೇಕ ದ್ರಾವಣ ಮತ್ತು ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಸೂಚಕದ ಕೆಲವು ಹನಿ. ನೀಲಿ ಎಂದರೆ ಕಡಿಮೆ, ಹಸಿರು ಎಂದರೆ 30ರ ಆಸುಪಾಸು, ಹಳದಿ ಎಂದರೆ ಮಿತಿ ಮೀರಿದೆ. ಆದರೆ ಈ ಸಾಧನ ಸೋಮಾರಿ: ನೀರಿನಲ್ಲಿ ಆದ ಬದಲಾವಣೆ ಬಣ್ಣದಲ್ಲಿ ಕಾಣಲು ಒಂದೆರಡು ಗಂಟೆ ಬೇಕು. ಮೀನು ಸಾಯುತ್ತಿದ್ದಾಗಲೂ ಅದು ಹಸಿರಾಗಿಯೇ ಇರಬಹುದು.

## ಹಂತ 5: ಜೋಡಣೆ ಮತ್ತು ಸೋರಿಕೆಯ ಪರೀಕ್ಷೆ

ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಬೀಳದಂತೆ ಕಟ್ಟಿರಬೇಕು. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಈ ಅನಿಲ ಗಾಳಿಗಿಂತ ಭಾರ. ಗಾಳಿಯಾಡದ ಚಿಕ್ಕ ಕೋಣೆಯಲ್ಲಿ ಸೋರಿದರೆ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ಮಲಗುವ ಕೋಣೆಯಲ್ಲಿ ಇಡುವುದಿದ್ದರೆ ಕಿಟಕಿ ಇರಲಿ.

ತೆರೆಯುವ ಕ್ರಮ ತಪ್ಪಬೇಡಿ. ಮೊದಲು ನೀಡಲ್ ವಾಲ್ವ್ ಮುಚ್ಚಿ. ರೆಗ್ಯುಲೇಟರಿನ ಗುಬುಟನ್ನು ಪೂರ್ತಿ ಸಡಿಲಿಸಿ. ಆಮೇಲೆ ಸಿಲಿಂಡರಿನ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಸೊಲೆನಾಯ್ಡಿಗೆ ವಿದ್ಯುತ್ ಕೊಟ್ಟು ಒತ್ತಡವನ್ನು 1.5ರಿಂದ 2.5 ಬಾರ್‌ಗೆ ಏರಿಸಿ. ಎಲ್ಲಕ್ಕೂ ಕೊನೆಗೆ ನೀಡಲ್ ವಾಲ್ವ್, ಕೂದಲೆಳೆಯಷ್ಟು.

ಪ್ರತಿ ಕೂಡುಜಾಗಕ್ಕೂ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಉಬ್ಬಿದರೆ ಬಿಚ್ಚಿ, ವಾಷರ್ ನೋಡಿ, ಮತ್ತೆ ಬಿಗಿಯಿರಿ. ನೊರೆಗೂ ಸಿಗದ ಸೋರಿಕೆ ಹಿಡಿಯಲು ರಾತ್ರಿ ಸೊಲೆನಾಯ್ಡ್ ಮುಚ್ಚಿರುವಾಗ ಸಿಲಿಂಡರಿನ ವಾಲ್ವನ್ನೂ ಮುಚ್ಚಿ. ಬೆಳಿಗ್ಗೆ ಮಾಪಕದ ಮುಳ್ಳು ಬಿದ್ದಿದ್ದರೆ ಎಲ್ಲೋ ತೂತಿದೆ.

ಡಿಫ್ಯೂಸರನ್ನು ಫಿಲ್ಟರಿನ ಹರಿವು ಕೆಳಕ್ಕೆ ತಿರುಗುವ ಕಡೆ, ತಳಕ್ಕೆ ಹತ್ತಿರದಲ್ಲಿ ಇಡಿ. ಗುಳ್ಳೆಗಳು ನೇರ ಮೇಲೇರಿ ಒಡೆದುಹೋಗುತ್ತಿದ್ದರೆ ಜಾಗ ಸರಿಯಿಲ್ಲ. ಇನ್ನು, ಎಲ್ಲ ಗಿಡಗಳ ಎಲೆಗಳೂ ಸಣ್ಣಗೆ ಅಲುಗುತ್ತಿವೆಯೇ ಎಂದು ನೋಡಿ. ಅಲುಗದ ಮೂಲೆಯಲ್ಲಿ ಪಾಚಿ ಬಂದಾಗ ಜನ ಇಡೀ ತೊಟ್ಟಿಗೆ ಅನಿಲ ಏರಿಸುತ್ತಾರೆ. ಆ ಮೂಲೆಗೆ ಬೇಕಿದ್ದುದು ಹರಿವು.

## ಹಂತ 6: ಟೈಮರ್

ಅನಿಲ ದೀಪಕ್ಕಿಂತ ಒಂದೂವರೆಯಿಂದ ಎರಡು ಗಂಟೆ ಮುಂಚೆ ಶುರುವಾಗಬೇಕು, ದೀಪ ಆರುವ ಒಂದು ಗಂಟೆ ಮುಂಚೆ ನಿಲ್ಲಬೇಕು. ದೀಪ ಹೊತ್ತುವ ಕ್ಷಣದಲ್ಲೇ ಗಿಡಕ್ಕೆ ಬೇಕಾದಷ್ಟು ಅನಿಲ ನೀರಿನಲ್ಲಿರಲಿ ಎಂಬುದು ಇದರ ಉದ್ದೇಶ. ಕತ್ತಲಲ್ಲಿ ಅದರ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆ. ತಿರುಗುವ ಚಕ್ರದ ಟೈಮರುಗಳು ವಿದ್ಯುತ್ ಹೋದಷ್ಟು ಹೊತ್ತು ನಿಂತುಬಿಡುತ್ತವೆ. ಬ್ಯಾಟರಿಯಿರುವ ಡಿಜಿಟಲ್ ಟೈಮರ್ ನಿಲ್ಲುವುದಿಲ್ಲ. ದೀಪಕ್ಕೆ ಒಂದು ಬಗೆ, ಅನಿಲಕ್ಕೆ ಇನ್ನೊಂದು ಬಗೆ ಹಾಕಿದ್ದರೆ ನಾಲ್ಕಾರು ಸಲ ವಿದ್ಯುತ್ ಹೋಗಿಬರುವಷ್ಟರಲ್ಲಿ ಎರಡರ ನಡುವೆ ಗಂಟೆಗಳ ಅಂತರ ಬಿದ್ದು, ದೀಪ ಆರಿದ ಮೇಲೂ ಅನಿಲ ಹರಿಯುತ್ತಿರಬಹುದು. ಎರಡಕ್ಕೂ ಒಂದೇ ಬಗೆಯ, ಬ್ಯಾಟರಿಯಿರುವ ಟೈಮರ್ ಹಾಕಿ.

## ಹಂತ 7: ಅನಿಲವನ್ನು ಏರಿಸುವುದು

ಈ ಕೆಲಸಕ್ಕೆ ನೀವು ಇಡೀ ದಿನ ಮನೆಯಲ್ಲಿರುವ ದಿನವನ್ನೇ ಆರಿಸಿ. ವಾಲ್ವ್ ತಿರುಗಿಸುವುದು ಬೆಳಿಗ್ಗೆ ಮಾತ್ರ. ಸಂಜೆ ತಿರುಗಿಸಿ ಮಲಗಬೇಡಿ, ಕೆಲಸಕ್ಕೆ ಹೊರಡುವ ಮುನ್ನ ‘ಒಂದಿಷ್ಟೇ ಇಷ್ಟು’ ಎಂದು ತಿರುಗಿಸಲೇಬೇಡಿ.

50ರಿಂದ 60 ಲೀಟರಿನ ತೊಟ್ಟಿಗೆ ಸೆಕೆಂಡಿಗೆ ಒಂದು ಗುಳ್ಳೆಯಿಂದ ಶುರುಮಾಡಿ. ಈ ಸಂಖ್ಯೆ ಆರಂಭಕ್ಕೆ ಮಾತ್ರ. ಬೇರೆಯವರ ತೊಟ್ಟಿಯ ಗುಳ್ಳೆ ಲೆಕ್ಕವನ್ನು ನಕಲು ಮಾಡುವುದು ಬೇರೆಯವರ ಚಪ್ಪಲಿ ಹಾಕಿಕೊಂಡಂತೆ: ಒಂದೊಂದು ಬಬಲ್ ಕೌಂಟರಿನ ಗುಳ್ಳೆಯ ಗಾತ್ರ ಒಂದೊಂದು, ಡಿಫ್ಯೂಸರ್ ಬೇರೆ, ಮೇಲ್ಮೈ ಬೇರೆ.

ಮೊದಲ ದಿನ ಅನಿಲ ಶುರುವಾಗುವ ಮುಂಚೆ ಪಿಎಚ್ ಅಳೆಯಿರಿ. ಆಮೇಲೆ ಅರ್ಧ ಗಂಟೆಗೊಮ್ಮೆ, ದೀಪ ಹೊತ್ತುವವರೆಗೆ. ಅನಂತರ ಗಂಟೆಗೊಮ್ಮೆ, ಅನಿಲ ನಿಲ್ಲುವವರೆಗೆ. ಬೇಸರದ ಕೆಲಸ, ಆದರೆ ಮಾಡಬೇಕಾದ್ದು ಒಂದೆರಡು ದಿನ ಮಾತ್ರ. ಬರೆದ ಅಂಕಿಗಳಲ್ಲಿ ಎರಡು ವಿಷಯ ನೋಡಿ.

ದೀಪ ಹೊತ್ತುವ ಹೊತ್ತಿಗೆ ಪಿಎಚ್ ತನ್ನ ಕೆಳಮಟ್ಟಕ್ಕೆ ಬಂದು ನಿಂತಿದೆಯೇ? ಇಲ್ಲದಿದ್ದರೆ ಗುಳ್ಳೆ ಏರಿಸಬೇಡಿ, ಅನಿಲ ಇನ್ನೂ ಅರ್ಧ ಗಂಟೆ ಮುಂಚೆ ಶುರುವಾಗುವಂತೆ ಮಾಡಿ.

ಎರಡನೆಯದು: ದೀಪ ಹೊತ್ತಿದ ಮೇಲೂ ಪಿಎಚ್ ಇಳಿಯುತ್ತಲೇ ಹೋಗಿದೆಯೇ? ದೀಪ ಹೊತ್ತಿದಾಗಿನ ಅಂಕಿಗೂ ಅನಿಲ ನಿಲ್ಲುವಾಗಿನ ಅಂಕಿಗೂ 0.2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ನಿಮ್ಮದು ಆ ಚಿಕ್ಕ ತೂತಿನ ಕೊಡ. ಮೇಲ್ಮೈಯ ಅಲುಗಾಟ ಸಾಲದು. ಹಂತ 2ಕ್ಕೆ ಹಿಂತಿರುಗಿ ಅದನ್ನು ಹೆಚ್ಚಿಸಿ, ಪುನಃ ಅಳೆಯಿರಿ. ಇಷ್ಟು ಮಾಡದೆ ಮುಂದಿನ ಸಾಲು ಓದಬೇಡಿ ಎಂದರೂ ತಪ್ಪಲ್ಲ.

ದೀಪ ಉರಿಯುವಷ್ಟು ಹೊತ್ತೂ ಪಿಎಚ್ ಅಂಕಿ ಒಂದೇ ಮಟ್ಟದಲ್ಲಿ ನಿಂತ ಮೇಲೆ ಏರಿಸತೊಡಗಿ. ಒಂದು ಸಲಕ್ಕೆ ಪಿಎಚ್ 0.1ರಷ್ಟು ಹೆಚ್ಚು ಇಳಿಯುವಷ್ಟು ಮಾತ್ರ, ಆಮೇಲೆ ಎರಡು ಮೂರು ದಿನ ಬಿಡಿ. ಲೋಟದ ನೀರಿಗೂ ತೊಟ್ಟಿಗೂ ಪಿಎಚ್ ಅಂತರ ಒಂದು ಅಂಕ ದಾಟಿ ಡ್ರಾಪ್ ಚೆಕರ್ ಹಸಿರಾಗಿದ್ದರೆ ಹೆಚ್ಚಿನ ಗಿಡಗಳಿಗೆ ಸಾಕು. ಮೀನು ಅದಕ್ಕೂ ಮುಂಚೆಯೇ ತೊಂದರೆ ತೋರಿಸಿದರೆ ಮೀನಿನ ಮಾತೇ ಅಂತಿಮ: ಹಿಂದಿನ ಮೆಟ್ಟಿಲಿಗೆ ಇಳಿದು ಅಲ್ಲೇ ನಿಲ್ಲಿ. ಸೀಗಡಿಗಳಿರುವ ತೊಟ್ಟಿಯಲ್ಲಿ ನಾನು 20 ಮಿಲಿಗ್ರಾಂ ದಾಟುವುದಿಲ್ಲ. ಒಂದೇ ಮಟ್ಟದಲ್ಲಿ ನಿಂತ 20, ದಿನಕ್ಕೊಂದು ಬಗೆಯಾಗುವ 35ಕ್ಕಿಂತ ಗಿಡಕ್ಕೂ ಒಳ್ಳೆಯದು. ಆರಂಭದಲ್ಲಿ ಹೇಳಿದ ಕಪ್ಪು ಪಾಚಿ ಹೆಚ್ಚಾಗಿ ಕಾಣುವುದು ಅನಿಲ ಏರಿಳಿಯುವ ತೊಟ್ಟಿಗಳಲ್ಲಿ.

## ಎಚ್ಚರಿಕೆಯ ಚಿಹ್ನೆಗಳು: ಗಡಿಯಾರ ನೋಡಿ

ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ ಎಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಹೊತ್ತಿನಲ್ಲಿ?

ಬೆಳಿಗ್ಗೆ, ಅನಿಲ ಶುರುವಾಗುವ ಮುಂಚೆಯೇ ಆದರೆ ಆಮ್ಲಜನಕದ ಕೊರತೆ. ಅನಿಲ ಇಳಿಸಿ ಏನೂ ಪ್ರಯೋಜನವಿಲ್ಲ. ರಾತ್ರಿ ಏರ್ ಸ್ಟೋನ್ ಹಾಕಿ, ಕೊಳೆತ ಎಲೆ ತೆಗೆಯಿರಿ, ರಾತ್ರಿಯ ಆಹಾರ ನಿಲ್ಲಿಸಿ. ದೀಪ ಹೊತ್ತಿ ಮೂರು ನಾಲ್ಕು ಗಂಟೆಯಾದ ಮೇಲೆ, ಎಲೆಗಳಿಂದ ಗುಳ್ಳೆ ಏಳುತ್ತಿರುವಾಗ ಆದರೆ ಅನಿಲ ಹೆಚ್ಚಾಗಿದೆ. ಹೊತ್ತುಗೊತ್ತಿಲ್ಲದೆ ಇಡೀ ದಿನ ಆದರೆ ಎರಡೂ ಅಲ್ಲದಿರಬಹುದು. ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ, ಕಿವಿರಿನ ರೋಗವಿದೆಯೇ ನೋಡಿ.

ಬಾಯಿ ಬಿಡುವುದು ಕೊನೆಯ ಚಿಹ್ನೆ. ಅದಕ್ಕೂ ಮುಂಚೆ ಮೀನುಗಳು ಬೇರೆ ರೀತಿಯಲ್ಲಿ ಹೇಳಿರುತ್ತವೆ: ಊಟಕ್ಕೆ ನಿಧಾನವಾಗಿ ಬರುತ್ತವೆ, ಫಿಲ್ಟರಿನ ನೀರು ಬೀಳುವಲ್ಲಿ ಗುಂಪುಗೂಡುತ್ತವೆ, ಬಣ್ಣ ಮಂಕಾಗುತ್ತದೆ, ಕಿವಿರಿನ ಬಡಿತ ಏರುತ್ತದೆ. ಸೀಗಡಿಗಳು ಮೇಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತವೆ, ಇಲ್ಲವೇ ಕೊಳವೆ ಹಿಡಿದು ಮೇಲಕ್ಕೆ ಹತ್ತುತ್ತವೆ. ಬಸವನಹುಳುಗಳು ನೀರಿನ ಗೆರೆಯ ಬಳಿ ಸಾಲುಗಟ್ಟುತ್ತವೆ.

ಗೌರಾಮಿ, ಬೆಟ್ಟಾ ಮೀನುಗಳು ಗಾಳಿಯನ್ನೇ ಉಸಿರಾಡಬಲ್ಲವು, ಅವು ಮೇಲೆ ಬರುವುದು ಸಹಜ. ಕೋರಿಡೋರಾಸ್ ಕೂಡ ಆಗಾಗ ಮೇಲಕ್ಕೆ ಜಿಗಿದು ಒಂದು ಗುಟುಕು ಗಾಳಿ ಕುಡಿದು ತಳ ಸೇರುತ್ತದೆ. ಇವನ್ನು ನೋಡಿ ಗಾಬರಿಯಾಗಬೇಡಿ, ಇವು ಸುಖವಾಗಿವೆ ಎಂದು ಉಳಿದವನ್ನು ಮರೆಯಲೂಬೇಡಿ.

## ತುರ್ತಿನಲ್ಲಿ ಮಾಡಬೇಕಾದ್ದು

1. ಅನಿಲ ನಿಲ್ಲಿಸಿ. ಸೊಲೆನಾಯ್ಡಿನ ಪ್ಲಗ್ ಕೀಳುವುದಷ್ಟೇ ಸಾಲದು, ಸಿಲಿಂಡರಿನ ವಾಲ್ವನ್ನೂ ಮುಚ್ಚಿ. ಸೊಲೆನಾಯ್ಡೇ ಕೆಟ್ಟಿರಬಹುದು.

2. ಏರ್ ಸ್ಟೋನ್ ಹಾಕಿ, ಫಿಲ್ಟರಿನ ಬಾಯಿ ಮೇಲೆತ್ತಿ ನೀರು ಧುಮುಕುವಂತೆ ಮಾಡಿ.

3. ದೀಪ ಉರಿಯುತ್ತಿದ್ದರೆ ಉರಿಯಲಿ. ಗಿಡಗಳು ಅನಿಲ ಹೀರಿ ಆಮ್ಲಜನಕ ಕೊಡುವುದು ಬೆಳಕಿನಲ್ಲಿ ಮಾತ್ರ. ಆರಿಸಿದರೆ ಆ ನೆರವೂ ಹೋಗುತ್ತದೆ.

4. ಅದೇ ಉಷ್ಣತೆಯ, ಕ್ಲೋರಿನ್ ತೆಗೆದ ನೀರಿನಿಂದ ಮೂರರಲ್ಲೊಂದು ಭಾಗದಿಂದ ಅರ್ಧದವರೆಗೆ ಬದಲಿಸಿ. ಮಗುಚಿ ಬಿದ್ದ ಮೀನನ್ನು ಬಲೆಯಲ್ಲಿ ಎತ್ತಿ ಗಾಳಿಯಾಡಿಸಿದ ಹೊಸ ನೀರಿನ ಬಕೆಟ್ಟಿಗೆ ಬಿಡಿ. ಸತ್ತಿತೆಂದು ಕಂಡದ್ದು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಪಿಎಚ್ ಏರಿಸಲೆಂದು ಅಡುಗೆ ಸೋಡಾ ಸುರಿಯಬೇಡಿ. ಅದು ಮೀಟರಿನ ಅಂಕಿಯನ್ನು ಬದಲಿಸುತ್ತದೆ, ನೀರಿನಲ್ಲಿ ಕರಗಿದ ಅನಿಲವನ್ನು ತೆಗೆಯುವುದಿಲ್ಲ. ಮರುದಿನ ಅನಿಲ ಬೇಡ. ಅದರ ಮರುದಿನ ಮೊದಲಿದ್ದ ಗುಳ್ಳೆಯ ಅರ್ಧದಿಂದ ಶುರುಮಾಡಿ.

## ಸರಿಹೊಂದಿದ ಮೇಲೂ ಕೆಡುವುದೇಕೆ

ತಿಂಗಳುಗಟ್ಟಲೆ ಚೆನ್ನಾಗಿದ್ದ ತೊಟ್ಟಿ ಒಂದು ದಿನ ಕೈಕೊಟ್ಟರೆ ಕಾರಣ ಸಾಮಾನ್ಯವಾಗಿ ಯಾವುದೋ ಸ್ವಚ್ಛತೆಯ ಕೆಲಸ, ಅಥವಾ ಮಾಡದೆ ಬಿಟ್ಟ ಸ್ವಚ್ಛತೆಯ ಕೆಲಸ.

ಡಿಫ್ಯೂಸರಿನ ಸೆರಾಮಿಕ್ ಬಿಲ್ಲೆಯ ಮೇಲೆ ಪಾಚಿ ಕಟ್ಟುತ್ತಾ ಹೋದಂತೆ ಗುಳ್ಳೆಗಳು ದಪ್ಪಗಾಗಿ, ಕರಗುವುದು ಕಡಿಮೆಯಾಗುತ್ತದೆ. ನಾವು ಅರಿವಿಲ್ಲದೆ ಗುಳ್ಳೆ ಏರಿಸುತ್ತಾ ಬರುತ್ತೇವೆ. ಒಂದು ರಜಾದಿನ ಬಿಲ್ಲೆಯನ್ನು ತೊಳೆದು ಹೊಳೆಯುವಂತೆ ಮಾಡಿ ಇಡುತ್ತೇವೆ, ವಾಲ್ವ್ ಇದ್ದಲ್ಲೇ ಇರುತ್ತದೆ. ನನ್ನ ತೊಟ್ಟಿಯಲ್ಲಿ ಅತಿ ಹೆಚ್ಚು ಸೀಗಡಿಗಳು ಸತ್ತದ್ದು ಇಂಥ ಒಂದು ಸ್ವಚ್ಛ ದಿನದ ಸಂಜೆ. ಅಂದಿನಿಂದ ಬಿಲ್ಲೆ ತೊಳೆದ ದಿನ ಗುಳ್ಳೆಯನ್ನು ಮೂರರಲ್ಲೊಂದು ಭಾಗ ಇಳಿಸಿ, ಹಂತ 7ರಂತೆ ಪುನಃ ಏರಿಸುತ್ತೇನೆ. ಬ್ಲೀಚಿನಲ್ಲಿ ನೆನೆಸುವವರು ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಚೆನ್ನಾಗಿ ಜಾಲಿಸಿದ ಮೇಲೆಯೇ ತೊಟ್ಟಿಗೆ ಹಾಕಬೇಕು.

ಫಿಲ್ಟರ್ ಇದರ ತದ್ವಿರುದ್ಧ. ಅದು ಕಟ್ಟಿಕೊಂಡಂತೆ ಹರಿವು ಕುಗ್ಗಿ, ಮೇಲ್ಮೈಯ ಅಲೆ ಸಣ್ಣಗಾಗಿ, ಅನಿಲ ಏರುತ್ತದೆ, ಆಮ್ಲಜನಕ ಇಳಿಯುತ್ತದೆ. ಎರಡೂ ಒಟ್ಟಿಗೆ, ಅದೂ ನಾವು ಏನೂ ಮುಟ್ಟದೆ.

ಗಿಡಗಳನ್ನು ಬೋಳಾಗಿ ಕತ್ತರಿಸಿದ ಮೇಲೂ ಗುಳ್ಳೆ ತುಸು ಇಳಿಸಿ. ಹೀರುವ ಎಲೆಗಳೂ ಕಡಿಮೆ, ಹಗಲಿನ ಆಮ್ಲಜನಕವೂ ಕಡಿಮೆ. ಪಾಚಿ ಕೊಲ್ಲಲು ಮೂರು ದಿನ ತೊಟ್ಟಿಗೆ ಕತ್ತಲು ಕವಿಸುವವರು ಅಷ್ಟೂ ದಿನ ಅನಿಲ ನಿಲ್ಲಿಸಿ ಏರ್ ಸ್ಟೋನ್ ನಡೆಸಬೇಕು. ‘ದ್ರವ ಇಂಗಾಲ’ ಎಂದು ಮಾರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಗ್ಲುಟರಾಲ್ಡಿಹೈಡ್ ಬಗೆಯ ರಾಸಾಯನಿಕ. ಅದು ಕರಗಿದ ಇಂಗಾಲದ ಡೈಆಕ್ಸೈಡ್ ಅಲ್ಲ, ಹೆಚ್ಚಾದರೆ ಮೀನಿಗೂ ವ್ಯಾಲಿಸ್ನೇರಿಯಾದಂಥ ಗಿಡಗಳಿಗೂ ವಿಷ.

ಸಕ್ಕರೆ ಮತ್ತು ಯೀಸ್ಟ್ ಬಾಟಲಿಯಿಂದ ಅನಿಲ ತಯಾರಿಸುವವರಿಗೆ ಹಂತ 6 ಅನ್ವಯಿಸುವುದಿಲ್ಲ, ಏಕೆಂದರೆ ಯೀಸ್ಟಿಗೆ ರಾತ್ರಿ ಹಗಲಿಲ್ಲ. ಕೊಳವೆಯನ್ನು ಬಿಗಿದು ನಿಲ್ಲಿಸಲು ಹೋದರೆ ಬಾಟಲಿ ಸಿಡಿಯಬಹುದು. ರಾತ್ರಿಯಿಡೀ ಏರ್ ಸ್ಟೋನ್ ಇರಲಿ, ಗುರಿಯನ್ನೂ 20ರ ಒಳಗೇ ಇಟ್ಟುಕೊಳ್ಳಿ.

ಇನ್ನು ಸಿಲಿಂಡರ್. ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಮಾಪಕ ಹೇಳುವುದಿಲ್ಲ, ತೂಕ ಹೇಳುತ್ತದೆ. ತುಂಬಿಸಿದ ದಿನದ ತೂಕವನ್ನು ಅದರ ಮೇಲೆಯೇ ಬರೆದು, ತಿಂಗಳಿಗೊಮ್ಮೆ ತೂಗಿ. ಕೋಣೆ ತಣ್ಣಗಾಗದಿದ್ದರೂ ಮುಳ್ಳು ಕೆಳಗಿಳಿಯತೊಡಗಿದರೆ ದ್ರವ ಮುಗಿದಿದೆ. ‘ಇನ್ನೂ ನಾಲ್ಕು ದಿನ ಬಂದೀತು’ ಎಂದು ಕಾಯದೆ ಅಂದೇ ವಾಲ್ವ್ ಮುಚ್ಚಿ ತುಂಬಿಸಲು ಕಳುಹಿಸಿ.